ಹಸಿರು ಬಿಲ್ಲೆ

ಮದುವೆಮನೆಗಳಲ್ಲಿ ಈಗ ಎರಡು ಪಂಕ್ತಿ. ನುಂಗುವುದನ್ನು ಅಳೆದು ದಿನಕ್ಕೊಮ್ಮೆ ಬೆಳಿಗ್ಗೆ ಬಣ್ಣ ಬದಲಿಸುವ, ತೊಡಕಾದರೆ ಮಾತಾಡಿ ಎಚ್ಚರಿಸುವ ಬಿಲ್ಲೆಯೊಂದನ್ನು ಎಲ್ಲರೂ ಕತ್ತಿಗೆ ಅಂಟಿಸಿಕೊಳ್ಳುತ್ತಾರೆ; ಅದು ಹಸಿರಾಗಿದ್ದವರಿಗೆ ಎಲೆಯೂಟ. ನುಂಗಲು ಕಷ್ಟವೆಂದು ಬಿಲ್ಲೆ ಕೆಂಪಾದವರಿಗೆ ಲೋಟದಲ್ಲಿ ಗಂಜಿ. ನಲವತ್ತು ವರ್ಷ ಮದುವೆಗಳಿಗೆ ಹೋಳಿಗೆ ತಟ್ಟಿದ ಅಡುಗೆ ಶೇಷಗಿರಿಗೆ ಆ ಗಂಜಿಯ ಪಂಕ್ತಿಯಲ್ಲಿ ಕೂರುವುದು ಸಾಧ್ಯವೇ ಇರಲಿಲ್ಲ. ಬೆಳಿಗ್ಗೆ ಹೆಂಡತಿ ವಾರಿಜಾ ಬಿಲ್ಲೆ ತೆಗೆದಿಟ್ಟು ಸ್ನಾನಕ್ಕೆ ಹೋದಾಗ ಅದರ ಜಾಗದಲ್ಲಿ ತನ್ನ ಕೆಂಪು ಬಿಲ್ಲೆ ಇಟ್ಟು, ಅವಳ ಹಸಿರನ್ನು ತಾನು ಅಂಟಿಸಿಕೊಂಡಿದ್ದ.

ಹೋಳಿಗೆಯ ಮೊದಲ ತುತ್ತು ಬಾಯಿಗಿಟ್ಟಾಗ ವಾರಿಜಾ ಗಂಜಿಯ ಲೋಟ ಹಿಡಿದೇ ಎದುರು ಪಂಕ್ತಿಯಿಂದ ಎದ್ದು ಬಂದಳು.

"ನಂಗೆ ಕೆಂಪು ಬಂದ್ರೆ ಬರ್ಲಿ ಬಿಡಿ. ನಿಮಗೆ ವಾಸಿಯಾಯ್ತಲ್ಲ, ಅಷ್ಟು ಸಾಕು ಕಣ್ರೀ," ಎಂದವಳೇ ಬಡಿಸುವವನನ್ನು ಕರೆದಳು. "ಇವರಿಗೆ ತುಪ್ಪ ಧಾರಾಳವಾಗಿ ಹಾಕಪ್ಪ."

ಶೇಷಗಿರಿ ಇನ್ನೊಂದು ತುತ್ತು ಬಾಯಿಗಿಟ್ಟ. ತುತ್ತು ಗಂಟಲಲ್ಲೇ ನಿಂತಿತು. ಆಗ ಅವನ ಕತ್ತಿನ ಬಿಲ್ಲೆ ಇಡೀ ಪಂಕ್ತಿಗೆ ಕೇಳುವಂತೆ ಹೇಳಿತು:

"ವಾರಿಜಾ ಅವರೇ, ಗಾಬರಿಯಾಗಬೇಡಿ. ಮೆಲ್ಲಗೆ ನುಂಗಿ."