ಮೊದಲಿನ ಮುಖ

"ಹಲಗೆ ನಿಮ್ಮ ಕೈಯಲ್ಲೇ ಇತ್ತಾ?" ವಿಮಾ ಕಚೇರಿಯ ಅಧಿಕಾರಿಣಿ ಕೇಳಿದಳು.

"ಇತ್ತು," ಎಂದ ಗುಡಾಣ. ಹೊಟ್ಟೆಯ ಗಾತ್ರಕ್ಕೆ ಬಂದ ಹೆಸರು ಅದು. ಹೆಗಲ ಮೇಲೆ ಉದ್ದನೆಯ ಮರದ ಹಲಗೆ ಹೊತ್ತು ರಂಗದ ಮೇಲೆ ಗಿರಕ್ಕನೆ ತಿರುಗುವುದು ಅವನ ಕೆಲಸ. ಅದು ತಾಗುವ ಮುನ್ನ ಬಗ್ಗುವುದು ಜೊತೆಗಾರ ಗಿಳಿಯ ಕೆಲಸ. ಇಬ್ಬರೂ ನಾಟಕ ತಂಡವೊಂದರ ಹಾಸ್ಯಗಾರರು. ವರ್ಷಗಟ್ಟಲೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ತಪ್ಪಿದ ದಿನ ಹಲಗೆಯ ಅಂಚು ಗಿಳಿಯ ಮೂಗಿಗೇ ಬಡಿದಿತ್ತು.

"ಬೇಕಂತಲೇ ಹೊಡೆದಿದ್ರೆ ಅಪಘಾತ ವಿಮೆ ಸಿಗಲ್ಲ, ಗೊತ್ತಲ್ಲ?"

ಗುಡಾಣನಿಗೆ ಎಲ್ಲ ನೆನಪಿತ್ತು. ಆ ಸಂಜೆ ಗಿಳಿ ಬಾಯಿ ತೆರೆಯುವ ಮೊದಲೇ ಜನ ಬಿದ್ದು ಬಿದ್ದು ನಕ್ಕಿದ್ದರು. ತಾನು ಸುರಿಸಿದ ಬೆವರಿಗೆ ಒಂದು ಚಪ್ಪಾಳೆಯೂ ಇರಲಿಲ್ಲ. ಒಳಗೆ ಏನೋ ಉರಿದಿತ್ತು. ಅರೆಗಳಿಗೆ ಮೊದಲೇ ತಿರುಗಿಬಿಟ್ಟಿದ್ದ. ಹೆದರಿಸಲೆಂದು ಅಷ್ಟೇ ಎಂದು ದೇವರ ಮುಂದೆ ಎಷ್ಟು ಸಲ ಹೇಳಿಕೊಂಡರೂ ದೇವರು ತಲೆಯಾಡಿಸಿರಲಿಲ್ಲ.

"ನಾನೇ ತಡವಾಗಿ ಬಗ್ಗಿದೆ ತಾಯಿ," ಎಂದ ಪಕ್ಕದಲ್ಲೇ ಕೂತಿದ್ದ ಗಿಳಿ. "ಇವನು ಹಸುವಿನಂಥವನು. ಮೇವು ಮಾತ್ರ ಆನೆಯಷ್ಟು."

ಅಧಿಕಾರಿಣಿ ಗಿಳಿಯ ಮುಖವನ್ನು ಕ್ಷಣಕಾಲ ದಿಟ್ಟಿಸಿ, ಸಂಕೋಚದಿಂದ ದೃಷ್ಟಿ ಬದಲಿಸಿದಳು.

"ಉಸಿರಾಡೋಕೆ ತೊಂದ್ರೆ ಏನಾದ್ರೂ?"

"ಇಲ್ಲ."

ಗುಡಾಣ ಮೇಜಿನಡಿ ಅವನ ಕಾಲು ತುಳಿದ.

"ಕಾಲು ತುಳೀಬೇಡ್ವೋ, ಸುಳ್ಳು ಹೇಳಲ್ಲ ನಾನು."

ತನ್ನ ಮೂಗಿಗಾಗಿ ಸುಳ್ಳಾಡದವನು ಈಗಷ್ಟೇ ಗೆಳೆಯನಿಗಾಗಿ ಸುಳ್ಳಾಡಿದ್ದ. ಗುಡಾಣನಿಗೆ ಕೂತ ಕುರ್ಚಿ ಸುಡತೊಡಗಿತು.

"ಹಾಗಾದ್ರೆ ಇದು ಬರೀ ರೂಪದ ಮಾತಾಯ್ತು. ಅದಕ್ಕೆ ನಾವು ಕೊಡಲ್ಲ," ಎಂದಳು ಅಧಿಕಾರಿಣಿ.

"ರೂಪಕ್ಕಲ್ಲಮ್ಮ, ಹೊಟ್ಟೆಪಾಡಿಗೆ," ಎಂದ ಗುಡಾಣ. "ಊತ ಇಳಿದ ಮೇಲೆ ಇವನು ರಂಗಕ್ಕೆ ಬಂದ್ರೆ ಸಭೆಗೆ ಸಭೆಯೇ ತಣ್ಣಗಾಗುತ್ತೆ. ನಾನು ಕೈಹಿಡಿದ ಮುಖ ಇದಲ್ಲ ಅಂತ ಇವನ ಹೆಂಡ್ತಿ ಅಳ್ತಾಳೆ. ತಂಡದ ಯಜಮಾನ ಆಗಲೇ ಬೇರೆಯವನನ್ನ ಹುಡುಕ್ತಿದ್ದಾನೆ."

"ಎಲ್ಲಿ, ಇಲ್ಲೇ ಒಂದಿಷ್ಟು ಮಾಡಿ ತೋರಿಸಿ."

ಗಿಳಿ ಎದ್ದ. ಬಾಗಿಲಾಚೆ ಹೋಗಿ, ಎದೆಯುಬ್ಬಿಸಿ ಒಳಬಂದು, ಪಕ್ಕಕ್ಕೆ ಮುಖ ತಿರುಗಿಸಿ ನಿಂತ. ಹಿಂದೆ ಇಷ್ಟಕ್ಕೇ ಚಾವಣಿ ಹಾರಿಹೋಗುವಂತೆ ನಗುತ್ತಿದ್ದರು. ಗುಮಾಸ್ತರು ಕೆಲಸ ಬಿಟ್ಟು ನೋಡಿದರು. ಒಬ್ಬರೂ ನಗಲಿಲ್ಲ. ಕಿಟಕಿಯ ಬಳಿಯ ಹುಡುಗಿ ಮುಂಗುರುಳು ಸರಿಮಾಡಿಕೊಂಡು ತಲೆ ತಗ್ಗಿಸಿದಳು. ಗಿಳಿ ಎಡವಿದ, ಬಿದ್ದ, ತೆವಳಿದ. "ಅಯ್ಯೋ, ಪೆಟ್ಟಾಯ್ತಾ?" ಎಂದು ಯಾರೋ ಕನಿಕರದಿಂದ ಕೇಳಿದರು.

ಗುಡಾಣ ಕಣ್ಣು ಮುಚ್ಚಿದ. ದೇವರೇ, ಅವನದನ್ನು ಅವನಿಗೆ ಕೊಟ್ಟುಬಿಡು.

ಅಧಿಕಾರಿಣಿ ಪೆನ್ನು ಎತ್ತಿಕೊಂಡಳು. "ಪೆಟ್ಟು ಬೀಳೋ ಮುಂಚೆ ಹೇಗಿತ್ತೋ ಹಾಗೆ ಮಾಡಿಸೋಕೆ ಮಾತ್ರ ಒಪ್ಪಿಗೆ. ಅದಕ್ಕಿಂತ ಒಂದೆಳೆ ಚೆಂದ ಮಾಡಿಸ್ಕೊಳ್ಳೋ ಹಾಗಿಲ್ಲ."

"ಖಂಡಿತ ಮಾಡಿಸ್ಕೊಳ್ಳಲ್ಲ ತಾಯಿ," ಗಿಳಿ ಕೈಮುಗಿದ.

ಶಸ್ತ್ರಚಿಕಿತ್ಸೆಯ ಬೆಳಿಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಗುಡಾಣನಿಗೆ ತಡೆಯಲಾಗಲಿಲ್ಲ.

"ನಾನು ಬೇಗ ತಿರುಗಿದೆ ಕಣೋ."

"ಗೊತ್ತು."

"ಬೇಕಂತಲೇ."

"ಅದೂ ಗೊತ್ತು. ಬೆಂಚಿನ ತುದೀಲಿ ಕೂರಬೇಡ, ನಾನು ಎದ್ರೆ ಮಗುಚಿಕೊಳ್ತೀಯ."

ಗುಡಾಣ ಅತ್ತುಬಿಟ್ಟ. ಗಿಳಿ ಅವನ ಬೆನ್ನು ಸವರುತ್ತಿದ್ದಾಗ ವೈದ್ಯರು ಹೊರಬಂದರು. ಗಿಳಿಯ ಗಲ್ಲ ಹಿಡಿದು, ಮುಖವನ್ನು ಬೆಳಕಿನತ್ತ ತಿರುಗಿಸಿ, ನಿಟ್ಟುಸಿರಿಟ್ಟರು.

"ಇಷ್ಟು ವರ್ಷ ಡೊಂಕು ಮೂಗನ್ನ ನೆಟ್ಟಗೆ ಮಾಡ್ಕೊಂಡೇ ಬಂದೆ ಕಣ್ರಪ್ಪ, ಒಂದೇ ಏಟಿಗೆ ಇಷ್ಟು ಚೆಂದ ನೆಟ್ಟಗಾದ ಮೂಗನ್ನ ಮತ್ತೆ ಡೊಂಕು ಮಾಡೋದು ಇದೇ ಮೊದಲು."