ಪರದೆಯ ಹಿಂದೆ ಹಂಪವ್ವ

ಕೂಸಿರುವ ಮನೆಯಲ್ಲಿ ಅದರ ಕಣ್ಣೆದುರು ಮುಚ್ಚಿಟ್ಟದ್ದೆಲ್ಲ ಮಾಯವಾಗುವುದು ಲೋಕಕ್ಕೇ ಗೊತ್ತಿದ್ದ ಸಂಗತಿ. ‘ಅದು ಅಲ್ಲೇ ಇದೆ’ ಎಂದು ಕೂಸಿಗೆ ಹೊಳೆದಾಗಲೇ ಅದು ಮರಳಿ ಬರುತ್ತಿತ್ತು. ಹೀಗಾಗಿ ಹಂಪವ್ವನ ಅಡುಗೆಮನೆಯಲ್ಲಿ ಯಾವ ಡಬ್ಬಿಗೂ ಮುಚ್ಚಳವಿರಲಿಲ್ಲ. ಇರುವೆಗಳಿಗೆ ನಿತ್ಯ ಹಬ್ಬ.

ಆದರೂ ಎಂಟು ತಿಂಗಳ ಮೊಮ್ಮಗಳು ಮುಕ್ತಾಳ ಮುಂದೆ ಬೃಹಸ್ಪತಿಯೂ ಸ್ಲೇಟು ಹಿಡಿದು ಕೂಡಬೇಕೆಂದು ಅವಳು ಓಣಿಯೆಲ್ಲ ಸಾರಿದ್ದಳು.

“ಬಾಯಿಲೆ ಎಲ್ಲಾರೂ ಹೇಳ್ತಾರ. ನೀ ಪರದೆ ಹಿಂದ ನಿಂದ್ರು, ನೋಡೂಣು,” ಎಂದು ಬಾಗಿಲಲ್ಲಿ ಕೂತಿದ್ದ ಪಕ್ಕದ ಮನೆಯ ಕಾಶವ್ವ ಕೆಣಕಿದಳು.

“ಬ್ಯಾಡ್ರಿ ಅತ್ತಿ! ಆಕಿಗೆ ಹೊಳೀಲಿಲ್ಲಂದ್ರ ನೀವು ಯಾವಾಗ ಬರ್ತೀರೋ!” ಎಂದು ಸೊಸೆ ಸೆರಗು ಹಿಡಿದಳು.

ಹಂಪವ್ವ ಸೆರಗು ಬಿಡಿಸಿಕೊಂಡು ಬಾಗಿಲ ಪರದೆಯ ಹಿಂದೆ ನಿಂತೇಬಿಟ್ಟಳು. ಕಾಲು ಕರಗಿತು, ಸೊಂಟ ಕರಗಿತು. ಕೊರಳಿಗೆ ಬರುವಷ್ಟರಲ್ಲಿ ಧೈರ್ಯವೂ ಕರಗಿತು. ಬಾಯಿಯೊಂದು ಉಳಿದಿತ್ತು, ಆದರೆ ಕೂಗಲು ಅಭಿಮಾನ ಬಿಡಲಿಲ್ಲ.

ಅಷ್ಟರಲ್ಲಿ ಅಂಬೆಗಾಲಿನ ಸದ್ದು ಕೇಳಿತು. ಪುಟ್ಟ ಮುಷ್ಟಿಯೊಂದು ಪರದೆಯನ್ನು ಸರಳು ಸಮೇತ ಜಗ್ಗಿ ಕೆಡವಿತು. ಹಂಪವ್ವ ಅಡಿಯಿಂದ ಮುಡಿಯವರೆಗೆ ತುಂಬಿಕೊಂಡು, ಮೊದಲಿಗಿಂತ ತುಸು ದಪ್ಪಗೇ ನಿಂತಿದ್ದಳು.

“ನೋಡಿದ್ಯಾ ಕಾಶವ್ವ! ನನ್ನ ಕೂಸಿನ ತಲ್ಯಾಗ ನಾ ಅದೀನಿ!”

ಉತ್ತರ ಪರದೆಯ ಅಡಿಯಿಂದ ಬಂತು. ಪರದೆ ಬಿದ್ದದ್ದು ಕಾಶವ್ವನ ಮೇಲೆಯೇ. ಅವಳು ಆಗಲೇ ಅರ್ಧ ಕರಗಿದ್ದಳು. “ಏ ಮುಕ್ತಾ, ನನ್ನನ್ನೂ ಒಂಚೂರು ನೆನಸವಾ!”

“ತಡಿಯವಾ, ಅವಸರ ಮಾಡಬ್ಯಾಡ,” ಎಂದು ಹಂಪವ್ವ ಮೊಮ್ಮಗಳನ್ನು ಎತ್ತಿ ಮುದ್ದಿಟ್ಟಳು. “ಹಾಲುಗಲ್ಲದ ಕೂಸು ಅದು. ಒಬ್ಬೊಬ್ಬರನ್ನಾಗಿ ಕಲೀತಾಳ.”