ಬೂತ್ ನಂಬರು

ಶಾಸಕ ಚೆಲುವರಾಜು ಅರ್ಜಿಯ ಮೂಲೆಯಲ್ಲಿ ‘ಸೂಕ್ತ ಕ್ರಮಕ್ಕಾಗಿ’ ಎಂದು ಬರೆಯಲು ಪೆನ್ನು ಊರಿದರು. ಪ್ರಾಣಿದಯಾ ಸಂಘದ ಸಂಘಮಿತ್ರ ಆ ಅಕ್ಷರಗಳನ್ನು ಹಿಂದೆ ನಾಲ್ಕು ಸಲ ನಿಂತೇ ನೋಡಿದ್ದಳು. ಬೀದಿನಾಯಿಗಳಿಗೆ ಸಂತಾನಹರಣ ಚಿಕಿತ್ಸಾ ಕೇಂದ್ರ ಬೇಕೆಂದು ಸಂಘ ಪ್ರತಿ ಸಲವೂ ಗಾಯಗೊಂಡ ನಾಯಿಗಳ ಫೋಟೊ ಲಗತ್ತಿಸುತ್ತಿತ್ತು. ಶಾಸಕರು “ಅಯ್ಯೋ ಪಾಪ” ಎಂದು ಸಹಿ ಹಾಕಿ ಕಳಿಸುತ್ತಿದ್ದರು.

“ಈ ಸಲ ಫೋಟೊ ಇಲ್ವೇನಮ್ಮ?”

“ಇಲ್ಲ ಸರ್. ಕುಂಬಾರಕೊಪ್ಪಲಲ್ಲಿ ಮನೆಮನೆ ಸುತ್ತಿ, ನಾಯಿಗಳಿಗೆ ಅನ್ನ ಹಾಕೋರ ಸಹಿ ತಂದಿದ್ದೀವಿ. ಆರುನೂರ ಹನ್ನೆರಡು ಜನ. ಪಕ್ಕದಲ್ಲೇ ಬೂತ್ ನಂಬರೂ ಇದೆ.”

ಪೆನ್ನು ನಿಂತಿತು. ಚೆಲುವರಾಜು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಅವರ ಬಳಿ ಕನ್ನಡಕವಿದೆ ಎಂಬುದೇ ಸಂಘಮಿತ್ರಳಿಗೆ ಈವರೆಗೆ ಗೊತ್ತಿರಲಿಲ್ಲ. ಅವರ ಬೆರಳು ಹೆಸರುಗಳ ಮೇಲೆ ನಿಧಾನವಾಗಿ ಇಳಿಯುತ್ತ, ಮೂರನೆಯ ಹಾಳೆಯಲ್ಲಿ ಒಂದು ಹೆಬ್ಬೆಟ್ಟಿನ ಗುರುತಿನ ಬಳಿ ತಡೆದು ನಿಂತಿತು.

“ಪುಟ್ಟತಾಯಮ್ಮ... ಇದು ನಮ್ಮವ್ವ ಕಣಮ್ಮ!”

“ಹೌದು ಸರ್. ‘ಕೇಂದ್ರ ಆಗ್ದಿದ್ರೆ ನನ್ ಓಟೂ ಅವನಿಗಿಲ್ಲ, ಹೇಳ್ಬುಡು’ ಅಂದ್ರು.”

ಚೆಲುವರಾಜು ಪೆನ್ನಿನ ಕ್ಯಾಪು ಮುಚ್ಚಿ, ಎದುರಿನ ಕುರ್ಚಿಯ ಮೇಲಿದ್ದ ಹಾರಗಳನ್ನು ತಾವೇ ಎದ್ದು ತೆಗೆದರು.

“ಕೂತ್ಕೊಳಮ್ಮ,” ಎಂದರು.